ತಲೆಗೆ ಸಣ್ಣ ಗಾಯವಾದ್ರೂ ಅಷ್ಟೊಂದು ರಕ್ತ ಯಾಕೆ? ನೆತ್ತಿಯ ಐದು ಪದರಗಳನ್ನು ತಿಳಿದುಕೊಳ್ಳಿ

ಸಂತೆ ದಿನ ಬೆಳಿಗ್ಗೆ. ಬಸ್ ಸ್ಟ್ಯಾಂಡ್ ಹತ್ತಿರದ ಕಿರಾಣಿ ಅಂಗಡಿಯವರೊಬ್ಬರು ಶಟರ್ ಅರ್ಧಕ್ಕೆ ಎತ್ತಿ, ತೂಕದ ಮಷಿನ್ ಹೊರಗೆ ಇಡೋಣ ಅಂತ ಬಗ್ಗಿ ಒಳಗೆ ಹೋದರು. ವಾಪಸ್ ಬರುವಾಗ ಅವಸರದಲ್ಲಿ ತಲೆ ಎತ್ತಿದ್ದೇ ತಡ, ಶಟರ್‌ನ ಕೆಳಗಿನ ಕಬ್ಬಿಣದ ಪಟ್ಟಿ ನೆತ್ತಿಗೆ ಬಡಿಯಿತು. ಗಾಯ ಎರಡು ಬೆರಳಗಲ. ಆದರೆ ರಕ್ತ ಮಾತ್ರ ಹಣೆ, ಕಿವಿ, ಅಂಗಿ ಎಲ್ಲ ತೋಯಿಸಿಬಿಟ್ಟಿತು. ನೋಡಿದವರು ಹೌಹಾರಿದರು. ಪಕ್ಕದ ಹೋಟೆಲ್‌ನಿಂದ ಒಬ್ಬರು ಕಾಫಿ ಪುಡಿ ತಂದು ಮೆತ್ತಿದರು, ಇನ್ನೊಬ್ಬರು ಅದರ ಮೇಲೆ ಅರಿಶಿನ ಹಾಕಿದರು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ್ದಕ್ಕಿಂತ ಆ ಪುಡಿ ತೊಳೆದಿದ್ದೇ ಹೆಚ್ಚು ಹೊತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಎರಡು ದಿನ ಬಿಟ್ಟು ಎದ್ದು ನೋಡಿದರೆ ಎರಡೂ ಕಣ್ಣಿನ ರೆಪ್ಪೆ ಊದಿ ನೀಲಿಗಟ್ಟಿವೆ. ಪೆಟ್ಟು ಬಿದ್ದಿದ್ದು ನೆತ್ತಿಗೆ, ಕಪ್ಪಾಗಿದ್ದು ಕಣ್ಣು! ಮನೆಯವರಿಗೆ ಗಾಬರಿ. ಬೀದಿಯಲ್ಲಿ ಬೇರೆಯೇ ಮಾತು: 'ಶಟರ್ ಅಂತೆ, ಯಾರು ನಂಬ್ತಾರೆ? ಸಾಲದ ವಿಚಾರಕ್ಕೆ ಯಾರೋ ಮುಖಕ್ಕೆ ಗುದ್ದಿದ್ದಾರೆ.'

ಆ ಮನುಷ್ಯ ಹೇಳಿದ್ದು ನಿಜ. ಎಂಬಿಬಿಎಸ್ ಮೊದಲ ವರ್ಷದ ಅಂಗರಚನಾ ಶಾಸ್ತ್ರದ ಪಾಠದಲ್ಲೇ ಇದಕ್ಕೆ ಉತ್ತರ ಇದೆ. ನಮ್ಮ ತಾಲ್ಲೂಕಿನಿಂದ ಮೆಡಿಕಲ್ ಓದೋಕೆ ಹೋದ ಮಕ್ಕಳು ಬಾಯಿಪಾಠ ಮಾಡುವ ಆ ಪಾಠ ಕಷ್ಟದ್ದೇನಲ್ಲ. ನಮಗೂ ತಿಳಿದಿದ್ದರೆ ಒಂದು ದಿನ ಉಪಯೋಗಕ್ಕೆ ಬರುತ್ತೆ.

ನೆತ್ತಿ ಎಲ್ಲಿಂದ ಎಲ್ಲಿಯವರೆಗೆ?

ಕೂದಲು ಇರುವ ಜಾಗ ಮಾತ್ರ ಅಂತ ನಾವು ಅಂದುಕೊಂಡಿದ್ದೇವೆ. ವೈದ್ಯರ ಲೆಕ್ಕ ಬೇರೆ. ಇಂಗ್ಲಿಷಿನಲ್ಲಿ ಸ್ಕಾಲ್ಪ್ ಎನ್ನುವ ಈ ಭಾಗ ಮುಂದೆ ಹುಬ್ಬಿನಿಂದ ಶುರುವಾಗುತ್ತೆ. ಹಿಂದೆ ಕುತ್ತಿಗೆಯ ಮೇಲ್ಗಡೆ, ಹಿಂದಲೆಯಲ್ಲಿ ಕೈಗೆ ಸಿಗುವ ಮೂಳೆಯ ಉಬ್ಬಿನವರೆಗೆ ಹೋಗುತ್ತೆ. ಎರಡು ಪಕ್ಕಗಳಲ್ಲಿ ಕಣತಲೆ ದಾಟಿ, ಕಿವಿಯ ಮುಂದಿರುವ ಕೆನ್ನೆ ಮೂಳೆಯ ಕಮಾನಿನವರೆಗೆ ಇಳಿಯುತ್ತೆ. ಅಂದರೆ ಹಣೆ ಕೂಡ ಇದರಲ್ಲೇ ಸೇರಿದೆ. ಹಣೆ ಮುಖದ ಭಾಗವೂ ಹೌದು, ನೆತ್ತಿಯ ಹೊದಿಕೆಯ ಭಾಗವೂ ಹೌದು.

ಐದು ಅಕ್ಷರ, ಐದು ಪದರ

ವಿದ್ಯಾರ್ಥಿಗಳು ಇದನ್ನು ನೆನಪಿಟ್ಟುಕೊಳ್ಳುವ ಉಪಾಯ ಸುಲಭದ್ದು. ಸ್ಕಾಲ್ಪ್ ಅನ್ನೋ ಇಂಗ್ಲಿಷ್ ಪದದಲ್ಲೇ ಐದು ಅಕ್ಷರ ಇವೆ: ಎಸ್, ಸಿ, ಎ, ಎಲ್, ಪಿ. ಒಂದೊಂದು ಅಕ್ಷರಕ್ಕೆ ಒಂದೊಂದು ಪದರ.

ಎಸ್ ಅಂದರೆ ಸ್ಕಿನ್, ಚರ್ಮ. ಸಿ ಅಂದರೆ ಕನೆಕ್ಟಿವ್ ಟಿಶ್ಯೂ, ಚರ್ಮದಡಿಯ ಗಟ್ಟಿ ನಾರಿನ ಪದರ. ಎ ಅಂದರೆ ಅಪೊನ್ಯೂರೋಸಿಸ್, ಹಾಳೆಯಂತೆ ಹರಡಿದ ಬಲವಾದ ಪೊರೆ. ಎಲ್ ಅಂದರೆ ಲೂಸ್ ಟಿಶ್ಯೂ, ಸಡಿಲ ಪದರ. ಪಿ ಅಂದರೆ ಪೆರಿಕ್ರೇನಿಯಂ, ತಲೆಬುರುಡೆಗೆ ಅಂಟಿಕೊಂಡ ಪೊರೆ.

ಈಗ ಒಂದು ಕೆಲಸ ಮಾಡಿ. ಐದೂ ಬೆರಳನ್ನು ನೆತ್ತಿಯ ಮೇಲೆ ಒತ್ತಿ ಇಟ್ಟು, ಬೆರಳು ಜಾರದಂತೆ ಹಿಂದೆ ಮುಂದೆ ಆಡಿಸಿ. ಚರ್ಮ ಬುರುಡೆಯ ಮೇಲೆ ಜರುಗುತ್ತೆ, ಅಲ್ವಾ? ಜರುಗುತ್ತಿರುವುದು ಚರ್ಮ ಒಂದೇ ಅಲ್ಲ. ಮೇಲಿನ ಮೂರು ಪದರಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡು ಒಂದೇ ಹೊದಿಕೆಯ ಹಾಗೆ ಓಡಾಡುತ್ತವೆ. ಅವು ಓಡಾಡೋದು ನಾಲ್ಕನೇ ಸಡಿಲ ಪದರದ ಮೇಲೆ. ಐದನೆಯದು ಬುರುಡೆಯನ್ನು ಹಿಡಿದು ಕೂತಿರುತ್ತೆ, ಅಲುಗಾಡಲ್ಲ. ಇಷ್ಟು ಗೊತ್ತಾದರೆ ಅರ್ಧ ಪಾಠ ಮುಗಿದ ಹಾಗೆ.

ಒಂದನೇ ಪದರ: ಚರ್ಮ

ನೆತ್ತಿಯ ಚರ್ಮ ದಪ್ಪ. ಅದರಲ್ಲಿ ಸುಮಾರು 1 ಲಕ್ಷ ಕೂದಲು. ಪ್ರತಿ ಕೂದಲಿನ ಬುಡದಲ್ಲೂ ಎಣ್ಣೆ ಗ್ರಂಥಿ ಇದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತೆ. ದಿನಕ್ಕೆ 50ರಿಂದ 100 ಕೂದಲು ಉದುರೋದು ಸಹಜ. ಬಾಚಣಿಗೆಯಲ್ಲಿ ನಾಲ್ಕು ಕೂದಲು ಕಂಡ ಕೂಡಲೇ ದುಬಾರಿ ಎಣ್ಣೆಗೆ ದುಡ್ಡು ಸುರಿಯಬೇಕಿಲ್ಲ.

ಎಣ್ಣೆ ಗ್ರಂಥಿಗಳು ಇಲ್ಲಿ ಹೆಚ್ಚಾಗಿರುವುದರಿಂದ ಅವುಗಳ ಬಾಯಿ ಕಟ್ಟಿಕೊಂಡು ನೋವಿಲ್ಲದ ಉಂಡೆಯಂಥ ಗಂಟು ಏಳೋದು ಉಂಟು. ಸೆಬೇಷಿಯಸ್ ಸಿಸ್ಟ್ ಅಂತ ಅದರ ಹೆಸರು. ಸಲೂನ್‌ನಲ್ಲಿ ಬಾಚುವಾಗ ಬಾಚಣಿಗೆ ತಾಗಿ ಎಷ್ಟೋ ಜನಕ್ಕೆ ಮೊದಲ ಸಲ ಗೊತ್ತಾಗೋದೇ ಹೀಗೆ. ಅದನ್ನು ಉಗುರಿನಿಂದ ಹಿಸುಕಬೇಡಿ, ಬ್ಲೇಡಿನಿಂದ ಕೊರೆಸಬೇಡಿ. ಯಾಕೆ ಅನ್ನೋದು ನಾಲ್ಕನೇ ಪದರಕ್ಕೆ ಬಂದಾಗ ಗೊತ್ತಾಗುತ್ತೆ.

ಇನ್ನೊಂದು ವಿಷಯ. ನೆತ್ತಿಯೊಳಗೆ ದುಗ್ಧಗ್ರಂಥಿಗಳಿಲ್ಲ. ಅಲ್ಲಿ ಸೋಂಕಾದರೆ ಕಿವಿಯ ಹಿಂದೆ, ಹಿಂದಲೆಯ ಕೆಳಗೆ, ಕುತ್ತಿಗೆಯಲ್ಲಿರುವ ಗ್ರಂಥಿಗಳು ಊದಿಕೊಳ್ಳುತ್ತವೆ. ಶಾಲೆಗೆ ಹೋಗುವ ಮಗುವಿನ ಕಿವಿ ಹಿಂದೆ ಕಾಳಿನಷ್ಟು ಗಂಟು ಕಂಡರೆ ಮೊದಲು ಕೂದಲು ಬಿಡಿಸಿ ನೋಡಿ. ಹೇನು, ಕೆರೆದು ಆದ ಹುಣ್ಣು, ಹುಳುಕಡ್ಡಿ ಇರಬಹುದು. ತಲೆಯ ಹುಳುಕಡ್ಡಿಗೆ ಮುಲಾಮು ಒಂದೇ ಸಾಲದು. ಶಿಲೀಂಧ್ರ ಕೂದಲಿನ ಬುಡದೊಳಗೆ ಇಳಿದಿರುವುದರಿಂದ ವೈದ್ಯರು ನುಂಗುವ ಮಾತ್ರೆ ಕೊಡಬೇಕಾಗುತ್ತೆ. ಗಂಟು ದೊಡ್ಡದಾಗುತ್ತಾ ಹೋದರೆ ಅಥವಾ ವಾರಗಟ್ಟಲೆ ಉಳಿದರೆ ತೋರಿಸಲೇಬೇಕು.

ಎರಡನೇ ಪದರ: ರಕ್ತ ನಿಲ್ಲದಿರುವುದಕ್ಕೆ ಕಾರಣ ಇಲ್ಲಿದೆ

ನೆತ್ತಿಗೆ ರಕ್ತ ತರುವ ನಾಳಗಳು ಓಡಾಡುವುದು ಈ ಪದರದಲ್ಲಿ. ಒಂದೊಂದು ಪಕ್ಕಕ್ಕೆ ಐದು ಅಪಧಮನಿಗಳು: ಎರಡು ಹುಬ್ಬಿನ ಕಡೆಯಿಂದ, ಒಂದು ಕಿವಿಯ ಮುಂದಿನಿಂದ, ಒಂದು ಕಿವಿಯ ಹಿಂದಿನಿಂದ, ಇನ್ನೊಂದು ಹಿಂದಲೆಯಿಂದ. ಎಲ್ಲವೂ ಕೆಳಗಿನಿಂದ ನೆತ್ತಿಯ ಕಡೆಗೆ ಏರಿ, ಮೇಲೆ ಒಂದಕ್ಕೊಂದು ಕೈ ಹಿಡಿದಂತೆ ಕೂಡಿಕೊಂಡಿವೆ. ಕಿವಿಯ ಮುಂದೆ ಬೆರಳಿಟ್ಟರೆ ನಾಡಿ ಬಡಿಯೋದು ತಿಳಿಯುತ್ತೆ, ಅದು ಈ ಐದರಲ್ಲಿ ಒಂದು.

ಕೈಗೋ ಕಾಲಿಗೋ ಗಾಯವಾದಾಗ ಕತ್ತರಿಸಿದ ರಕ್ತನಾಳ ತಾನಾಗಿಯೇ ಒಳಕ್ಕೆ ಸರಿದು ಬಾಯಿ ಕುಗ್ಗಿಸಿಕೊಳ್ಳುತ್ತೆ. ಅರ್ಧ ರಕ್ತ ಅದರಿಂದಲೇ ನಿಲ್ಲುತ್ತೆ. ನೆತ್ತಿಯಲ್ಲಿ ಹಾಗಾಗಲ್ಲ. ಇಲ್ಲಿನ ಗಟ್ಟಿ ನಾರುಗಳು ನಾಳದ ಗೋಡೆಯನ್ನು ಸುತ್ತಲಿಂದ ಎಳೆದು ಹಿಡಿದಿರುತ್ತವೆ. ನಾಳ ಕುಗ್ಗೋಣ ಅಂದರೂ ನಾರು ಬಿಡಲ್ಲ. ಬಾಯಿ ತೆರೆದೇ ಇರುತ್ತೆ. ಜೊತೆಗೆ ನಾಳಗಳು ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಗಾಯದ ಎರಡೂ ಬದಿಯಿಂದ ರಕ್ತ ಬರುತ್ತೆ. ಆ ಕಿರಾಣಿ ಅಂಗಡಿಯವರ ಅಂಗಿ ತೋಯ್ದಿದ್ದು ಇದರಿಂದ. ಗಾಯ ಎಷ್ಟು ದೊಡ್ಡದು ಅಂತ ರಕ್ತ ನೋಡಿ ಅಳೆಯಬಾರದು.

ಇದರಲ್ಲೇ ಒಂದು ಒಳ್ಳೆಯದೂ ಇದೆ. ರಕ್ತದ ಪೂರೈಕೆ ಅಷ್ಟು ಚೆನ್ನಾಗಿರುವುದರಿಂದ ನೆತ್ತಿಯ ಗಾಯ ಬೇಗ ಮಾಯುತ್ತೆ. ಚರ್ಮ ಸ್ವಲ್ಪ ಕಿತ್ತು ಜೋತುಬಿದ್ದಿದ್ದರೂ ವೈದ್ಯರು ಅದನ್ನು ಕತ್ತರಿಸಿ ಎಸೆಯದೆ ತೊಳೆದು ಹೊಲಿಯುತ್ತಾರೆ. ಹೆಚ್ಚಿನ ಸಲ ಅದು ಬದುಕಿಕೊಳ್ಳುತ್ತೆ. ಹೊಲಿಗೆಯನ್ನು ಸಾಮಾನ್ಯವಾಗಿ 7ರಿಂದ 10 ದಿನಕ್ಕೆ ಬಿಚ್ಚುತ್ತಾರೆ.

ನರಗಳೂ ಇದೇ ಪದರದಲ್ಲಿವೆ. ಕಿವಿಯಿಂದ ಮುಂದಿನ ಭಾಗಕ್ಕೆ ಮುಖದ ಟ್ರೈಜೆಮಿನಲ್ ನರದ ಕವಲುಗಳು, ಹಿಂದಿನ ಭಾಗಕ್ಕೆ ಕುತ್ತಿಗೆಯಿಂದ ಬರುವ ನರಗಳು. ಜಾಗ ಬಿಗಿ, ಊದಿಕೊಳ್ಳೋಕೆ ಅವಕಾಶ ಇಲ್ಲ. ಹೀಗಾಗಿ ಇಲ್ಲಿ ಕುರು ಎದ್ದರೆ ಊತ ಸ್ವಲ್ಪ, ನೋವು ಜೋರು.

ಮೂರನೇ ಪದರ: ಹಣೆಯನ್ನೂ ಹಿಂದಲೆಯನ್ನೂ ಸೇರಿಸುವ ಪೊರೆ

ಹಣೆಯಲ್ಲಿ ಒಂದು ಸ್ನಾಯು, ಹಿಂದಲೆಯಲ್ಲಿ ಒಂದು ಸ್ನಾಯು. ಇವೆರಡರ ನಡುವೆ ತಲೆಯ ಮೇಲೆ ಟೋಪಿಯಂತೆ ಹರಡಿರುವ ಬಿಳಿ ಪೊರೆಯೇ ಅಪೊನ್ಯೂರೋಸಿಸ್. ನೀವು ಹುಬ್ಬೇರಿಸಿದಾಗ ಹಣೆಯಲ್ಲಿ ಗೆರೆ ಮೂಡೋದು ಈ ಸ್ನಾಯುವಿನಿಂದ.

ಎರಡೂ ಸ್ನಾಯುಗಳು ಪೊರೆಯನ್ನು ಮುಂದಕ್ಕೂ ಹಿಂದಕ್ಕೂ ಎಳೆಯುತ್ತಿರುತ್ತವೆ. ಬಿಗಿಯಾಗಿ ಎಳೆದು ಕಟ್ಟಿದ ಟಾರ್ಪಾಲ್ ಅಂದುಕೊಳ್ಳಿ. ಟಾರ್ಪಾಲ್ ಅಡ್ಡಕ್ಕೆ ಹರಿದರೆ ಏನಾಗುತ್ತೆ? ಹರಿದ ಬಾಯಿ ಅಗಲವಾಗುತ್ತೆ. ನೆತ್ತಿಯಲ್ಲೂ ಹಾಗೇ. ಗಾಯ ಕಿವಿಯಿಂದ ಕಿವಿಗೆ ಹೋಗುವ ದಿಕ್ಕಿನಲ್ಲಿ ಅಡ್ಡಕ್ಕೆ ಬಿದ್ದು, ಈ ಪೊರೆ ಕತ್ತರಿಸಿದ್ದರೆ ಗಾಯ ಬಾಯಿ ಬಿಟ್ಟುಕೊಳ್ಳುತ್ತೆ. ಪೊರೆ ಕತ್ತರಿಸದಿದ್ದರೆ ಗಾಯದ ಅಂಚು ಹತ್ತಿರವೇ ಇರುತ್ತೆ. ಬಾಯಿ ಬಿಟ್ಟ ಗಾಯ ಅಂದರೆ ಮೂರು ಪದರ ದಾಟಿದೆ ಅಂತ ಅರ್ಥ. ಅಂಥದ್ದಕ್ಕೆ ಪಟ್ಟಿ ಸುತ್ತಿಕೊಂಡು ಅಂಗಡಿಯಲ್ಲಿ ಕೂರಬೇಡಿ, ಹೊಲಿಗೆ ಬೇಕೇ ಬೇಕು.

ನಾಲ್ಕನೇ ಪದರ: ಅಪಾಯದ ಜಾಗ

ಅಂಗರಚನೆಯ ಪುಸ್ತಕಗಳು ಈ ಸಡಿಲ ಪದರಕ್ಕೆ 'ಡೇಂಜರ್ ಏರಿಯಾ' ಅಂತಲೇ ಹೆಸರಿಟ್ಟಿವೆ. ಕಾರಣ ಎರಡು.

ಮೊದಲನೆಯದು, ಇದರ ಮೂಲಕ ಹಾದುಹೋಗುವ ಕೆಲವು ಸಣ್ಣ ಅಭಿಧಮನಿಗಳು ತಲೆಬುರುಡೆಯ ಸಣ್ಣ ತೂತುಗಳ ಮೂಲಕ ಒಳಗೆ ಹೋಗಿ, ಮಿದುಳಿನ ಸುತ್ತ ಇರುವ ದೊಡ್ಡ ರಕ್ತನಾಳಗಳಿಗೆ ಸೇರುತ್ತವೆ. ಇವಕ್ಕೆ ಕವಾಟ ಇಲ್ಲ. ಪಂಪ್‌ಸೆಟ್ಟಿಗೆ ಫುಟ್ ವಾಲ್ವ್ ಇಲ್ಲದಿದ್ದರೆ ನೀರು ಹಿಂದಕ್ಕೂ ಹೋಗುತ್ತಲ್ಲ, ಹಾಗೆ ಇಲ್ಲಿ ರಕ್ತ ಎರಡೂ ಕಡೆಗೆ ಹರಿಯಬಹುದು. ನೆತ್ತಿಯಲ್ಲಿ ಕೀವು ಕಟ್ಟಿದರೆ ಸೋಂಕು ಒಳಗೆ ಹೋಗುವ ದಾರಿ ಇದು. ದಿನಾ ಹಾಗಾಗುತ್ತೆ ಅಂತಲ್ಲ, ಆದರೆ ಆದರೆ ಜೀವಕ್ಕೇ ಕುತ್ತು. ತಲೆಯ ಕುರು, ಗಂಟು ಹಿಸುಕಬೇಡಿ ಅಂದಿದ್ದು ಇದಕ್ಕೇ. ತಲೆಯಲ್ಲಿ ಕೀವಿನ ಜೊತೆ ಜ್ವರ, ತಲೆನೋವು ಬಂದರೆ ಮೆಡಿಕಲ್ ಸ್ಟೋರ್‌ನಿಂದ ನಾಲ್ಕು ಮಾತ್ರೆ ತಂದು ನುಂಗಿ ಸುಮ್ಮನಾಗಬೇಡಿ.

ಎರಡನೆಯದು, ಪದರ ಸಡಿಲ ಇರುವುದರಿಂದ ರಕ್ತವೋ ಕೀವೋ ಇಲ್ಲಿ ಸೇರಿದರೆ ತಲೆಯ ತುಂಬಾ ಹರಡುತ್ತೆ. ಆದರೆ ಎಲ್ಲಿಯವರೆಗೆ? ಹಿಂದಲೆಯಲ್ಲಿ ಸ್ನಾಯು ಮೂಳೆಗೆ ಅಂಟಿದೆ, ಅಲ್ಲಿ ದಾರಿ ಬಂದ್. ಎರಡು ಪಕ್ಕದಲ್ಲಿ ಪೊರೆ ಕಣತಲೆಯ ಕೆಳಗೆ ಅಂಟಿಕೊಂಡಿದೆ, ಅಲ್ಲೂ ಬಂದ್. ಮುಂದೆ ಮಾತ್ರ ಹಣೆಯ ಸ್ನಾಯು ಮೂಳೆಗೆ ಅಂಟಿಲ್ಲ, ಹುಬ್ಬಿನ ಚರ್ಮಕ್ಕೆ ಸೇರಿದೆ. ಮೂರು ಕಡೆ ಶಟರ್ ಎಳೆದು, ಮುಂಬಾಗಿಲು ಮಾತ್ರ ತೆರೆದಿಟ್ಟ ಹಾಗೆ. ಒಳಗೆ ಸೇರಿದ ರಕ್ತ ನಿಧಾನವಾಗಿ ಇಳಿದು ಕಣ್ಣಿನ ರೆಪ್ಪೆಗೆ ಬರುತ್ತೆ. ಅಷ್ಟು ಬರೋದಕ್ಕೆ ಒಂದೆರಡು ದಿನ ಬೇಕು.

ಆ ಅಂಗಡಿಯವರ ಕಣ್ಣು ಕಪ್ಪಾಗಿದ್ದು ಹೀಗೆ. ಮುಖಕ್ಕೆ ಯಾರೂ ಗುದ್ದಿರಲಿಲ್ಲ.

ಆದರೆ ಒಂದು ಎಚ್ಚರಿಕೆ. ತಲೆಗೆ ಪೆಟ್ಟಾದ ಮೇಲೆ ಎರಡೂ ಕಣ್ಣು ಕಪ್ಪಾಗೋದು ಬುರುಡೆಯ ತಳದ ಮೂಳೆ ಮುರಿದಾಗಲೂ ಕಾಣಬಹುದು. ಯಾವುದರಿಂದ ಆಗಿದೆ ಅಂತ ಹೇಳೋದು ವೈದ್ಯರ ಕೆಲಸ. 'ಪೇಪರ್‌ನಲ್ಲಿ ಓದಿದ್ದೀನಿ, ಏನಾಗಲ್ಲ' ಅಂತ ಮನೆಯಲ್ಲಿ ಕೂರುವ ಹಾಗಿಲ್ಲ, ಹೋಗಿ ತೋರಿಸಿ.

ಕೂದಲು ಯಂತ್ರಕ್ಕೆ ಸಿಕ್ಕಿದಾಗ ನೆತ್ತಿ ಕಿತ್ತುಬರುವುದೂ ಈ ಸಡಿಲ ಪದರದಿಂದಲೇ. ಮೇಲಿನ ಮೂರು ಪದರ ಒಟ್ಟಿಗೆ ಸುಲಿದು ಬರುತ್ತೆ. ಒಕ್ಕಣೆ ಯಂತ್ರ, ಹಿಟ್ಟಿನ ಗಿರಣಿಯ ಬೆಲ್ಟ್, ಕಬ್ಬಿನ ಹಾಲಿನ ಯಂತ್ರದ ಹತ್ತಿರ ಕೆಲಸ ಮಾಡುವ ಹೆಣ್ಣುಮಕ್ಕಳು ಜಡೆಯನ್ನು ತುರುಬು ಕಟ್ಟಿ, ಬಟ್ಟೆ ಬಿಗಿದುಕೊಂಡೇ ನಿಲ್ಲಬೇಕು. ಸೆರಗು, ವೇಲ್ ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಅಕಸ್ಮಾತ್ ಹಾಗಾಗಿಬಿಟ್ಟರೆ, ಮೊದಲು ರಕ್ತ ಬರುವ ಜಾಗವನ್ನು ಒತ್ತಿ ಹಿಡಿಯಿರಿ. ಕಿತ್ತುಬಂದ ಭಾಗವನ್ನು ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ಮೇಲಿಟ್ಟು ಆಸ್ಪತ್ರೆಗೆ ಒಯ್ಯಿರಿ. ಐಸ್ ನೇರವಾಗಿ ತಾಗಬಾರದು. ಸೂಕ್ಷ್ಮ ಶಸ್ತ್ರಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಗಳಲ್ಲಿ ಅದನ್ನು ಮತ್ತೆ ಜೋಡಿಸುವ ಪ್ರಯತ್ನ ಮಾಡಬಹುದು.

ಐದನೇ ಪದರ ಮತ್ತು ಹಸುಗೂಸಿನ ತಲೆ

ಬುರುಡೆ ಒಂದೇ ಮೂಳೆ ಅಲ್ಲ, ಹಲವು ಮೂಳೆಗಳು ಹೊಲಿಗೆಯಂಥ ಗೆರೆಗಳಲ್ಲಿ ಕೂಡಿಕೊಂಡಿವೆ. ಐದನೇ ಪೊರೆ ಆ ಗೆರೆಗಳಲ್ಲಿ ಬಿಗಿಯಾಗಿ ಅಂಟಿರುತ್ತೆ. ಈ ಪೊರೆಯಡಿ ರಕ್ತ ಸೇರಿದರೆ ಆ ಒಂದು ಮೂಳೆಯ ಗಡಿ ದಾಟಲ್ಲ.

ಹೆರಿಗೆ ಆದ ಮನೆಯಲ್ಲಿ ಇದು ಉಪಯೋಗಕ್ಕೆ ಬರುವ ಮಾತು. ಮಗುವಿನ ತಲೆ ಮೇಲೆ ಊತ ಕಂಡರೆ ಸಾಮಾನ್ಯವಾಗಿ ಮೂರರಲ್ಲಿ ಒಂದಾಗಿರುತ್ತೆ. ಹುಟ್ಟಿದಾಗಲೇ ಇದ್ದು, ಮೆತ್ತಗೆ ಹರಡಿಕೊಂಡು, ಕೆಲವೇ ದಿನದಲ್ಲಿ ಇಳಿಯುವ ಊತ ಹೆರಿಗೆಯ ಒತ್ತಡದಿಂದ ಮೇಲಿನ ಪದರದಲ್ಲಿ ನೀರು ತುಂಬಿ ಆದದ್ದು. ಹುಟ್ಟಿ ಕೆಲವು ಗಂಟೆಗಳ ನಂತರ, ಒಂದೇ ಮೂಳೆಯ ಮೇಲೆ ಗಡಿ ಹಾಕಿದಂತೆ ಏಳುವ ಬುಗುಟೆ ಐದನೇ ಪೊರೆಯಡಿಯ ರಕ್ತ. ಅದು ಕರಗೋಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಸೂಜಿ ಚುಚ್ಚಿ ತೆಗೆಸೋದು, ಬಿಸಿ ಎಣ್ಣೆ ಹಾಕಿ ತಿಕ್ಕಿ 'ಕೂರಿಸೋದು' ಬೇಡ. ಮಗು ಹಳದಿಯಾಗುತ್ತಿದೆಯಾ ಅಂತ ಮಾತ್ರ ಗಮನಿಸಿ, ಆದರೆ ಕೂಡಲೇ ತೋರಿಸಿ.

ಮೂರನೆಯದು ಅಪರೂಪ, ಆದರೆ ನಿಜಕ್ಕೂ ಭಯದ್ದು: ನಾಲ್ಕನೇ ಸಡಿಲ ಪದರದಲ್ಲಿ ರಕ್ತ ಸೇರೋದು. ವ್ಯಾಕ್ಯೂಮ್ ಹಾಕಿ ಆದ ಹೆರಿಗೆಯಲ್ಲಿ ಇದರ ಸಾಧ್ಯತೆ ಹೆಚ್ಚು. 3 ಕೆಜಿ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು ಕಾಲು ಲೀಟರ್ ಮಾತ್ರ. ಅದರಲ್ಲಿ ಬಹುಪಾಲು ಈ ಸಡಿಲ ಜಾಗದಲ್ಲೇ ಸೇರಿಬಿಡಬಹುದು. ತಲೆಯ ಊತ ಹೊತ್ತು ಹೋದಂತೆ ಹಿಗ್ಗುತ್ತಾ ಹುಬ್ಬು, ಕಿವಿಯ ಕಡೆ ಇಳಿಯುತ್ತಿದ್ದರೆ, ಮಗು ಬಿಳಿಚಿಕೊಂಡು ಹಾಲು ಕುಡಿಯದಿದ್ದರೆ ಒಂದು ನಿಮಿಷವೂ ಕಾಯಬೇಡಿ.

ಅಂದ ಹಾಗೆ, ಮಗುವಿನ ನೆತ್ತಿಯ ಮುಂಭಾಗದ ಮೆತ್ತನೆಯ ಜಾಗ ಇನ್ನೂ ಮೂಳೆ ಕೂಡದ ಜಾಗ. ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚಿಕೊಳ್ಳುತ್ತೆ. ಅಲ್ಲಿ ಎಣ್ಣೆ ಸವರಿದರೆ ತೊಂದರೆ ಇಲ್ಲ, ಒತ್ತಿ ತಿಕ್ಕಬಾರದು.

ತಲೆಗೆ ಗಾಯವಾದರೆ ಮೊದಲು ಏನು ಮಾಡಬೇಕು?

- ಗಾಯಗೊಂಡವರನ್ನು ಕೂರಿಸಿ ಅಥವಾ ಮಲಗಿಸಿ. ಬೈಕ್‌ನಿಂದ ಬಿದ್ದಿದ್ದರೆ, ಎತ್ತರದಿಂದ ಬಿದ್ದಿದ್ದರೆ ಕುತ್ತಿಗೆ ಅಲುಗಾಡಿಸಬೇಡಿ.
- ಒಗೆದ ಟವೆಲ್, ಕರ್ಚೀಫು ಯಾವುದಾದರೂ ಸರಿ, ಮಡಿಸಿ ಗಾಯದ ಮೇಲಿಟ್ಟು ಅಂಗೈಯಿಂದ ಒತ್ತಿ ಹಿಡಿಯಿರಿ. 10ರಿಂದ 15 ನಿಮಿಷ ಕೈ ತೆಗೆಯಬೇಡಿ. ನಿಂತಿತಾ ಅಂತ ಮಧ್ಯೆ ಮಧ್ಯೆ ಎತ್ತಿ ನೋಡಬೇಡಿ. ನಾಳ ತಾನಾಗಿ ಬಾಯಿ ಮುಚ್ಚಲ್ಲ, ಕೆಳಗಿನ ಗಟ್ಟಿ ಬುರುಡೆಗೆ ಒತ್ತಿ ನಾವೇ ಮುಚ್ಚಿಸಬೇಕು.
- ಬಟ್ಟೆ ಒದ್ದೆಯಾದರೆ ಕೀಳಬೇಡಿ, ಅದರ ಮೇಲೇ ಇನ್ನೊಂದು ಇಡಿ.
- ಮೂಳೆ ಕುಸಿದಂತೆ ಕಂಡರೆ ಅಲ್ಲಿ ಜೋರಾಗಿ ಒತ್ತಬೇಡಿ, ಸಡಿಲವಾಗಿ ಬಟ್ಟೆ ಮುಚ್ಚಿ. ಚುಚ್ಚಿಕೊಂಡ ವಸ್ತುವನ್ನು ಎಳೆಯಬೇಡಿ.
- ಕಾಫಿ ಪುಡಿ, ಅರಿಶಿನ, ಸುಣ್ಣ, ಬೂದಿ, ಸಕ್ಕರೆ ಯಾವುದೂ ಬೇಡ. ಗಾಯದೊಳಗೆ ಕಸ ಸೇರುತ್ತೆ, ಒಳಗೆ ಮೂಳೆ ಬಿರಿದಿದೆಯಾ ಅಂತ ವೈದ್ಯರಿಗೆ ಕಾಣದ ಹಾಗಾಗುತ್ತೆ.
- ಟಿಟಿ ಇಂಜೆಕ್ಷನ್ ಬಗ್ಗೆ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ.

ರಕ್ತಕ್ಕಿಂತ ಹೆಚ್ಚು ಹೆದರಬೇಕಾದ ಲಕ್ಷಣಗಳು

ನಮ್ಮಲ್ಲಿ ಒಂದು ಅಭ್ಯಾಸ ಇದೆ. ರಕ್ತ ಸುರಿದರೆ ಓಡಿಹೋಗ್ತೇವೆ, ರಕ್ತ ಬರದಿದ್ದರೆ 'ಏನಾಗಿಲ್ಲ ಬಿಡಿ' ಅಂತೇವೆ. ಇದು ತಲೆಕೆಳಗು. ಹೊರಗಿನ ಐದು ಪದರದ ಗಾಯ ಕಣ್ಣಿಗೆ ಕಾಣುತ್ತೆ, ಬುರುಡೆಯ ಒಳಗಿನ ರಕ್ತಸ್ರಾವ ಕಾಣಲ್ಲ. ಕೆಲವರು ಬಿದ್ದ ಮೇಲೆ ಎದ್ದು ಟೀ ಕುಡಿದು ಮಾತಾಡಿ, ಗಂಟೆಗಳ ನಂತರ ಕುಸಿಯುತ್ತಾರೆ.

ಪೆಟ್ಟಾದಾಗ ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿದ್ದು, ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಮಾತು ತೊದಲೋದು, ಹೇಳಿದ್ದನ್ನೇ ಹೇಳೋದು, ಫಿಟ್ಸ್, ಕೈಕಾಲಿನಲ್ಲಿ ಬಲ ಇಲ್ಲದಿರೋದು, ಎರಡು ಕಣ್ಣಿನ ಪಾಪೆ ಒಂದೇ ಸಮ ಇಲ್ಲದಿರೋದು, ಮೂಗು ಅಥವಾ ಕಿವಿಯಿಂದ ನೀರು ಇಲ್ಲವೇ ರಕ್ತ. ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಕುಡಿದವರು ಬಿದ್ದಾಗ 'ನಶೆ ಇಳಿದ ಮೇಲೆ ಸರಿಹೋಗ್ತಾನೆ' ಅಂತ ಕಟ್ಟೆ ಮೇಲೆ ಮಲಗಿಸಿ ಹೋಗೋದು ಎಲ್ಲಕ್ಕಿಂತ ದೊಡ್ಡ ತಪ್ಪು. ಮಂಪರು ನಶೆಯದೋ ಪೆಟ್ಟಿನದೋ ಅಂತ ನೋಡಿ ಹೇಳೋಕೆ ಆಗಲ್ಲ.

ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಿದರೆ ಪೊಲೀಸು, ಕೋರ್ಟು ಅಂತ ಹೆದರಬೇಡಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಸೆಕ್ಷನ್, ಒಳ್ಳೆ ಮನಸ್ಸಿನಿಂದ ನೆರವಿಗೆ ಬಂದವರಿಗೆ ರಕ್ಷಣೆ ಕೊಟ್ಟಿದೆ.

ಹೆಲ್ಮೆಟ್ ವಿಷಯಕ್ಕೂ ಇದೇ ಪಾಠ. ಐದು ಪದರ ಸೇರಿದರೂ ನೆತ್ತಿಯ ಹೊದಿಕೆ ಕೆಲವೇ ಮಿಲಿಮೀಟರ್ ದಪ್ಪ. ಅದರಡಿ ಬುರುಡೆ, ಬುರುಡೆಯೊಳಗೆ ಮಿದುಳು. ಹೆಲ್ಮೆಟ್ ಒಳಗಿನ ದಪ್ಪ ಥರ್ಮಾಕೋಲಿನಂಥ ಪದರವೇ ಪೆಟ್ಟನ್ನು ನುಂಗುವುದು. ಪೊಲೀಸರು ಕಂಡಾಗ ಹಾಕುವ ತೆಳು ಟೋಪಿಯಲ್ಲಿ ಅದು ಇರಲ್ಲ. ಐಎಸ್‌ಐ ಗುರುತು, ಐಎಸ್ 4151 ಅನ್ನುವ ಸಂಖ್ಯೆ ನೋಡಿ ತಗೊಳ್ಳಿ, ಗದ್ದದ ಕೆಳಗಿನ ಪಟ್ಟಿ ಹಾಕಿಕೊಳ್ಳಿ. ಪಟ್ಟಿ ಹಾಕದ ಹೆಲ್ಮೆಟ್ ನಿಮಗಿಂತ ಮೊದಲೇ ಹಾರಿಹೋಗಿರುತ್ತೆ.

ಇನ್ನು ಆ ಕಿರಾಣಿ ಅಂಗಡಿಯವರ ವಿಷಯ. ವೈದ್ಯರು ಮತ್ತೆ ಪರೀಕ್ಷೆ ಮಾಡಿ, ಒಳಗೆ ಏನೂ ಆಗಿಲ್ಲ ಅಂತ ಖಾತ್ರಿ ಮಾಡಿ ಕಳಿಸಿದರು. ಕಣ್ಣಿನ ನೀಲಿ ಹಸಿರಾಗಿ, ಹಳದಿಯಾಗಿ, ಎರಡು ವಾರದಲ್ಲಿ ಹೋಯಿತು. ಬೀದಿಯ ಮಾತು ಹೋಗೋಕೆ ಅದಕ್ಕಿಂತ ಹೆಚ್ಚು ದಿನ ಬೇಕಾಯಿತು. ಈಗ ಅವರು ಶಟರ್ ಪೂರ್ತಿ ಎತ್ತಿಯೇ ಒಳಗೆ ಕಾಲಿಡುತ್ತಾರೆ, ಕೆಳಗಿನ ಪಟ್ಟಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿದ್ದಾರೆ. ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಒಗೆದ ಟವೆಲ್ ಒಂದು ಮಡಿಸಿಟ್ಟಿದ್ದಾರೆ. ಕಾಫಿ ಪುಡಿ ಮಾರಾಟಕ್ಕೆ ಮಾತ್ರ.